ಕೋಶ ಓದಿದ ಯಂತ್ರ, ದೇಶ ಸುತ್ತದ ಬುದ್ಧಿ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಗಣಿತ ಶಿಕ್ಷಕ. ಇನ್ನು ಹತ್ತೇ ವರ್ಷದಲ್ಲಿ ಯಂತ್ರಗಳಿಗೆ ಮನುಷ್ಯನಷ್ಟೇ ಬುದ್ಧಿ ಬರುತ್ತದೆ ಎಂದು ಕಂಪ್ಯೂಟರ್ ವಿಜ್ಞಾನ ಓದುತ್ತಿರುವ ನನ್ನ ಮಗಳು ಹೇಳುತ್ತಾಳೆ. ಯಂತ್ರ ಎಷ್ಟೇ ದೊಡ್ಡದಾದರೂ ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ ಎಂಬುದು ನನ್ನ ವಾದ. ಯಾರದು ಸರಿ? ಒಂದು ವೇಳೆ ಅದಕ್ಕೆ ಬುದ್ಧಿ ಬಂದೇಬಿಟ್ಟರೆ ಅದನ್ನು ಸ್ವಿಚ್ ಒತ್ತಿ ಆರಿಸುವುದು ಕೊಲೆಯಾಗುತ್ತದೆಯೇ? ಅದು ತಪ್ಪು ಮಾಡಿದರೆ ಹೊಣೆ ಯಾರದು?

ಉತ್ತರ: ಮಾನ್ಯ ಮೇಷ್ಟ್ರಿಗೆ ನಮಸ್ಕಾರ. ಅಪ್ಪ ಮಗಳು ಇಬ್ಬರದೂ ಅರ್ಧರ್ಧ ಸರಿ ಎಂದು ಪಂಚಾಯಿತಿ ಮುಗಿಸಿಬಿಡುವುದು ಸುಲಭ. ಆದರೆ ನಿಮ್ಮ ಪತ್ರದಲ್ಲಿ ಇರುವುದು ಮೂರು ಬೇರೆ ಬೇರೆ ಪ್ರಶ್ನೆಗಳು, ಮತ್ತು ಮೊದಲನೆಯದು ಇತ್ಯರ್ಥವಾದ ಮೇಲಷ್ಟೇ ಕೊನೆಯದರ ಸರದಿ ಬರುತ್ತದೆ ಎಂಬ ಊಹೆ ಆ ಪತ್ರದೊಳಗೆ ಅಡಗಿದೆ. ಆ ಊಹೆಯೇ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಯಂತ್ರಕ್ಕೆ ಮನುಷ್ಯನ ಬುದ್ಧಿ ಬರಲಿ, ಬಾರದಿರಲಿ, ಹೊಣೆಯ ಪ್ರಶ್ನೆ ಈಗಾಗಲೇ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಕುಳಿತಿದೆ. ಅದನ್ನು ಮಾತಾಡಿಸುವ ಮುನ್ನ ನಿಮ್ಮ ಮನೆಯ ವಾದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಬುದ್ಧಿ ಎಂಬ ಪದದಲ್ಲೇ ಮೊದಲ ಗಂಟು ಇದೆ. ಲೆಕ್ಕವನ್ನು ಬೇಗ ಬಿಡಿಸುವ ಹುಡುಗನನ್ನು ಬುದ್ಧಿವಂತ ಎನ್ನುತ್ತೇವೆ. ಪೆಟ್ಟು ತಿಂದು ದಾರಿಗೆ ಬಂದವನಿಗೆ ‘ಈಗ ಬುದ್ಧಿ ಬಂತು’ ಎನ್ನುತ್ತೇವೆ. ಆದರೆ ಮೂರ್ಛೆ ತಿಳಿದು ಎದ್ದವನಿಗೆ ಪ್ರಜ್ಞೆ ಬಂತು ಎನ್ನುತ್ತೇವೆಯೇ ಹೊರತು ಬುದ್ಧಿ ಬಂತು ಎನ್ನುವುದಿಲ್ಲ. ಮೊದಲನೆಯದು ಸಾಮರ್ಥ್ಯ, ಎರಡನೆಯದು ವಿವೇಕ, ಮೂರನೆಯದು ಅರಿವು. ಪತ್ರಿಕೆಗಳು ಕೃತಕ ಬುದ್ಧಿಮತ್ತೆ ಅಥವಾ ಯಾಂತ್ರಿಕ ಬುದ್ಧಿಮತ್ತೆ ಎಂದು ಬರೆಯುವಾಗ ಈ ಮೂರೂ ಒಂದೇ ಮೂಟೆಯಲ್ಲಿ ಸೇರಿಹೋಗುತ್ತವೆ. ನಿಮ್ಮ ಮಗಳು ಬಹುಶಃ ಮೊದಲನೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಿದ್ದಾರೆ, ನೀವು ಮೂರನೆಯದನ್ನು.

ನಿಮ್ಮ ವಾದಕ್ಕೆ ಇನ್ನೂರು ವರ್ಷಕ್ಕೆ ಸಮೀಪದ ವಯಸ್ಸಾಗಿದೆ. ಚಾರ್ಲ್ಸ್ ಬ್ಯಾಬೇಜ್ ವಿನ್ಯಾಸ ಮಾಡಿದ, ಆದರೆ ಎಂದೂ ಪೂರ್ತಿಯಾಗಿ ಕಟ್ಟಿಸಲಾಗದ ಅನಲಿಟಿಕಲ್ ಎಂಜಿನ್ ಎಂಬ ಲೆಕ್ಕದ ಯಂತ್ರದ ಕುರಿತು 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಈ ಯಂತ್ರ ತಾನಾಗಿ ಏನನ್ನೂ ಹುಟ್ಟಿಸಲಾರದು, ಹೇಗೆ ಮಾಡಿಸಬೇಕೆಂದು ನಮಗೆ ತಿಳಿದಿರುವುದನ್ನು ಮಾತ್ರ ಅದು ಮಾಡಬಲ್ಲದು ಎಂಬರ್ಥದ ಮಾತು ಹೇಳಿದ್ದರು. 1950ರಲ್ಲಿ ಬ್ರಿಟಿಷ್ ಗಣಿತಜ್ಞ ಅಲನ್ ಟ್ಯೂರಿಂಗ್ ‘ಮೈಂಡ್’ ಪತ್ರಿಕೆಯ ತಮ್ಮ ಪ್ರಬಂಧದಲ್ಲಿ ಈ ಆಕ್ಷೇಪವನ್ನು ಲವ್‌ಲೇಸ್ ಅವರ ಹೆಸರಿನಲ್ಲೇ ಎತ್ತಿಕೊಂಡು, ಯಂತ್ರಗಳು ತಮ್ಮನ್ನು ಆಗಾಗ ಬೆರಗುಗೊಳಿಸುತ್ತಲೇ ಇರುತ್ತವೆ ಎಂದು ಉತ್ತರಿಸಿದರು. ಶಿಕ್ಷಕರಾದ ನಿಮಗೆ ಅದೇ ಪ್ರಬಂಧದ ಇನ್ನೊಂದು ಮಾತು ಹಿಡಿಸಬಹುದು: ದೊಡ್ಡವರ ಮನಸ್ಸನ್ನು ನೇರವಾಗಿ ಕಟ್ಟಲು ಹೊರಡುವ ಬದಲು ಮಗುವಿನ ಮನಸ್ಸಿನಂಥ ಯಂತ್ರವೊಂದನ್ನು ಮಾಡಿ ಅದಕ್ಕೆ ಪಾಠ ಹೇಳಿದರೆ ಹೇಗೆ ಎಂದು ಅವರು ಕೇಳಿದ್ದರು. ಇಂದಿನ ಯಂತ್ರಗಳು ಬಂದದ್ದು ಹೆಚ್ಚುಕಡಿಮೆ ಆ ದಾರಿಯಲ್ಲೇ.

ಆ ಪಾಠ ನಡೆಯುವ ಬಗೆಯನ್ನು ಒಂದು ಗಾದೆಯಿಂದ ವಿವರಿಸಬಹುದು. ‘ಮಳೆ ನಿಂತರೂ ಮರದ...’ ಎಂದು ನಾನು ನಿಲ್ಲಿಸಿದರೆ ನಿಮ್ಮ ಬಾಯಲ್ಲಿ ‘ಹನಿ’ ಎಂಬ ಪದ ತಾನಾಗಿ ಬರುತ್ತದೆ. ಭಾಷಾ ಮಾದರಿ ಎನ್ನುವ ತಂತ್ರಾಂಶಕ್ಕೆ ಕಲಿಸುವುದೂ ಇಷ್ಟನ್ನೇ: ಮುಂದಿನ ತುಣುಕನ್ನು ಊಹಿಸು. ಊಹೆ ತಪ್ಪಿದಾಗಲೆಲ್ಲ ಒಳಗಿರುವ ಅಸಂಖ್ಯ ಅಂಕಿಗಳನ್ನು, ಅವುಗಳನ್ನು ತೂಕಗಳು ಎನ್ನುತ್ತಾರೆ, ಕೂದಲೆಳೆಯಷ್ಟು ಆಚೀಚೆ ಸರಿಸಲಾಗುತ್ತದೆ. 2020ರಲ್ಲಿ ಬಂದ ಜಿಪಿಟಿ-3 ಎಂಬ ಭಾಷಾ ಮಾದರಿಯಲ್ಲಿ ಇಂಥ ಅಂಕಿಗಳು 17,500 ಕೋಟಿ ಇದ್ದವು. ಅವುಗಳಲ್ಲಿ ಒಂದನ್ನೂ ಯಾವ ಎಂಜಿನಿಯರೂ ಕೈಯಾರೆ ಬರೆದದ್ದಲ್ಲ. ಆದ್ದರಿಂದ ‘ನಾವು ಹೇಳಿದ್ದನ್ನಷ್ಟೇ ಮಾಡುತ್ತದೆ’ ಎಂಬುದರಲ್ಲಿನ ‘ಹೇಳಿದ್ದು’ ಎಂದರೆ ಯಾವುದು ಎಂಬುದೇ ಈಗ ಅಸ್ಪಷ್ಟವಾಗಿದೆ. ಕಲಿಯುವ ವಿಧಾನವನ್ನು ನಾವು ಹೇಳಿದ್ದೇವೆ, ಅದು ಕಲಿತದ್ದನ್ನು ನಾವು ಹೇಳಿಲ್ಲ.

ಇದೆಲ್ಲ ಬರೀ ಗಿಳಿಪಾಠವಲ್ಲವೇ ಎಂದು ನೀವು ಕೇಳುವಿರಿ. ಗಾದೆ ತುಂಬಿಸುವುದು ಗಿಳಿಪಾಠವೇ ಸರಿ. ಆದರೆ ಹಿಂದೆಂದೂ ಯಾರೂ ಬರೆಯದ ಒಂದು ಲೆಕ್ಕವನ್ನು ಕೊಟ್ಟು ಅದರ ಕೊನೆಯ ಸಾಲಿನ ಉತ್ತರವನ್ನು ಊಹಿಸಲು ಹೇಳಿದಾಗ, ಬಿಡಿಸುವ ಕ್ರಮ ಎಲ್ಲೋ ಒಳಗೆ ರೂಪುಗೊಳ್ಳದೆ ಸರಿಯುತ್ತರ ಮತ್ತೆ ಮತ್ತೆ ಬರಲಾರದು. 2025ರ ಜುಲೈಯಲ್ಲಿ ಗೂಗಲ್ ಡೀಪ್‌ಮೈಂಡ್‌ನ ವ್ಯವಸ್ಥೆಯೊಂದು ಅಂತಾರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನ ಆರು ಪ್ರಶ್ನೆಗಳಲ್ಲಿ ಐದನ್ನು ಬಿಡಿಸಿ 42ಕ್ಕೆ 35 ಅಂಕ ಪಡೆಯಿತು. ಚಿನ್ನದ ಪದಕದ ಮಟ್ಟ ಅದು. ಆ ಪ್ರಶ್ನೆಗಳು ಹೊಸವು, ಉತ್ತರಗಳು ಪೂರ್ಣ ಸಾಧನೆಗಳ (ಪ್ರೂಫ್) ರೂಪದಲ್ಲಿದ್ದವು, ಮೌಲ್ಯಮಾಪನ ಮಾಡಿದವರು ಒಲಿಂಪಿಯಾಡ್‌ನವರೇ. ಉರು ಹೊಡೆದ ವಿದ್ಯಾರ್ಥಿ ಅಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಲಾರ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಇದಕ್ಕೂ ಮೊದಲು, 2016ರ ಮಾರ್ಚ್‌ನಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ನಡೆದ, ಗೋ ಎಂಬ ಹಲಗೆಯಾಟದ ಪಂದ್ಯದ ಎರಡನೆಯ ಆಟದಲ್ಲಿ ಡೀಪ್‌ಮೈಂಡ್‌ನದೇ ಆದ ಆಲ್ಫಾಗೋ ತಂತ್ರಾಂಶ ಇಟ್ಟ 37ನೆಯ ನಡೆಯನ್ನು ಕಂಡು ವೀಕ್ಷಕ ವಿವರಣೆ ಕೊಡುತ್ತಿದ್ದ ಪರಿಣತರು ಮೊದಲು ಅದನ್ನು ತಪ್ಪು ಎಂದುಕೊಂಡಿದ್ದರು. ಅಂಥ ನಡೆಯನ್ನು ಮನುಷ್ಯ ಆಡುವ ಸಂಭವ ಹತ್ತು ಸಾವಿರದಲ್ಲಿ ಒಂದು ಎಂದು ಆ ಯಂತ್ರವೇ ಲೆಕ್ಕ ಹಾಕಿತ್ತು, ಆದರೂ ಅದನ್ನೇ ಆಡಿ ಗೆದ್ದಿತು. ನಾಲ್ಕನೆಯ ಆಟದಲ್ಲಿ ಎದುರಾಳಿ ಲೀ ಸೆಡಾಲ್ ಇಟ್ಟ 78ನೆಯ ನಡೆಗೆ ಅದೇ ಯಂತ್ರ ದಿಕ್ಕುತಪ್ಪಿ ಸೋತಿತು ಎಂಬುದನ್ನೂ ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ.

ಇನ್ನು ಮಗಳ ಹತ್ತು ವರ್ಷದ ಗಡುವು. ಈ ಕ್ಷೇತ್ರಕ್ಕೆ ಗಡುವು ಹಾಕುವ ಚಟ ಹುಟ್ಟಿನಿಂದಲೇ ಅಂಟಿಕೊಂಡಿದೆ. 1956ರ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದವರ ಪ್ರಸ್ತಾವನೆಯಲ್ಲಿ, ಹತ್ತು ಜನ ಎರಡು ತಿಂಗಳು ಕೂತರೆ ಬುದ್ಧಿಯ ಮುಖ್ಯ ಸಮಸ್ಯೆಗಳಲ್ಲಿ ಗಣನೀಯ ಪ್ರಗತಿ ಸಾಧಿಸಬಹುದು ಎಂದಿತ್ತು. 1965ರಲ್ಲಿ ಹರ್ಬರ್ಟ್ ಸೈಮನ್, ಮನುಷ್ಯ ಮಾಡುವ ಯಾವ ಕೆಲಸವನ್ನಾದರೂ ಇಪ್ಪತ್ತು ವರ್ಷದೊಳಗೆ ಯಂತ್ರ ಮಾಡಬಲ್ಲದು ಎಂದರು. ಅವರೇನು ಹಗುರವಾಗಿ ಮಾತಾಡುವ ಮನುಷ್ಯನಲ್ಲ, ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದವರು. 1973ರಲ್ಲಿ ಬ್ರಿಟನ್ನಿನ ಲೈಟ್‌ಹಿಲ್ ವರದಿ ಈ ಭರವಸೆಗಳನ್ನೆಲ್ಲ ಝಾಡಿಸಿದ ಮೇಲೆ ಅಲ್ಲಿ ಸಂಶೋಧನೆಯ ಹಣವೇ ಬತ್ತಿಹೋಯಿತು. ‘ಬರುತ್ತದೆ’ ಎಂದವರು ಹೀಗೆ ಎಡವಿದರೆ ‘ಬರುವುದೇ ಇಲ್ಲ’ ಎಂದವರೂ ಅಷ್ಟೇ ಎಡವಿದ್ದಾರೆ. ಚದುರಂಗದಲ್ಲಿ ಆಗದು ಎಂದರು, 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರ್ ವಿಶ್ವ ಚಾಂಪಿಯನ್ ಕಾಸ್ಪರೋವ್ ಅವರನ್ನು ಸೋಲಿಸಿತು. ಸಾಮಾನ್ಯ ಜ್ಞಾನ ಬೇಡುವ ವಾಕ್ಯಗಳು ಅರ್ಥವಾಗವು ಎಂದರು. ‘ಅಜ್ಜಿ ಮೊಮ್ಮಗಳಿಗೆ ಕಷಾಯ ಕುಡಿಸಿದಳು, ಏಕೆಂದರೆ ಅವಳಿಗೆ ಜ್ವರ ಬಂದಿತ್ತು’ ಎಂಬಲ್ಲಿ ‘ಅವಳು’ ಯಾರು, ‘ಏಕೆಂದರೆ ಅವಳಿಗೆ ಮನೆಮದ್ದು ತಿಳಿದಿತ್ತು’ ಎಂಬಲ್ಲಿ ‘ಅವಳು’ ಯಾರು? ಕಂಪ್ಯೂಟರ್ ವಿಜ್ಞಾನಿ ಟೆರಿ ವಿನೊಗ್ರಾಡ್ 1972ರಲ್ಲಿ ಇಂಗ್ಲಿಷಿನಲ್ಲಿ ತೋರಿಸಿದ್ದು ಇಂಥದೇ ತೊಡಕನ್ನು. ಅದನ್ನಾಧರಿಸಿದ ಪರೀಕ್ಷೆಯಲ್ಲಿ 2019ರ ಹೊತ್ತಿಗೆ ಯಂತ್ರಗಳು ಶೇ. 90ರ ಆಸುಪಾಸು ಅಂಕ ತೆಗೆಯತೊಡಗಿದವು.

ಹಾಗೆ ನೋಡಿದರೆ ಟ್ಯೂರಿಂಗ್ ಹೇಳಿದ ಪರೀಕ್ಷೆಯೂ ಮುಗಿದಂತೆಯೇ. ಐದು ನಿಮಿಷದ ಲಿಖಿತ ಸಂಭಾಷಣೆಯ ನಂತರ ಸಾಮಾನ್ಯ ಪ್ರಶ್ನಕಾರನು ಎದುರಿಗಿರುವುದು ಯಂತ್ರವೋ ಮನುಷ್ಯನೋ ಎಂಬುದನ್ನು ಸರಿಯಾಗಿ ಗುರುತಿಸುವ ಸಂಭವ ಶೇ. 70ನ್ನು ಮೀರದಂತಹ ದಿನ ಸುಮಾರು ಐವತ್ತು ವರ್ಷದಲ್ಲಿ ಬರುತ್ತದೆ ಎಂದು ಅವರು ಅಂದಾಜಿಸಿದ್ದರು. 2025ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಐದು ನಿಮಿಷದ ಅಂಥದೇ ಪರೀಕ್ಷೆ ನಡೆಸಿದಾಗ, ಒಬ್ಬ ವ್ಯಕ್ತಿಯ ಪಾತ್ರ ವಹಿಸಲು ಹೇಳಿದ್ದ ಜಿಪಿಟಿ-4.5 ಅನ್ನು ಪ್ರಶ್ನಕಾರರು ಶೇ. 73ರಷ್ಟು ಸಲ ಮನುಷ್ಯ ಎಂದು ಆರಿಸಿಕೊಂಡರು. ಆ ಪಾತ್ರ ಕೊಡದೆ ಬಿಟ್ಟಾಗ ಸಂಖ್ಯೆ ಅರ್ಧದಷ್ಟಕ್ಕೆ ಇಳಿಯಿತು. ಇಲ್ಲಿ ಅಳತೆಗೆ ಸಿಕ್ಕಿದ್ದು ಬುದ್ಧಿಯೋ ನಟನೆಯೋ ಎಂಬ ಅನುಮಾನ ಸಹಜ. 1966ರಲ್ಲೇ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ ಬರೆದ ಎಲಿಜಾ ಎಂಬ ಪುಟ್ಟ ತಂತ್ರಾಂಶ, ನೀವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದರ ಹೊರತು ಏನನ್ನೂ ತಿಳಿಯದ್ದು. ಅದು ಹೇಗೆ ತಯಾರಾಯಿತೆಂದು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ಸ್ವಲ್ಪ ಖಾಸಗಿಯಾಗಿ ಮಾತಾಡಬೇಕು, ನೀವು ಹೊರಗೆ ಹೋಗಿ ಎಂದು ಅವರನ್ನು ಕಳಿಸಿದ್ದರಂತೆ. ಮಾತಾಡುವ ವಸ್ತುವಿನೊಳಗೆ ಜೀವ ಕಾಣುವುದು ನಮ್ಮ ಸ್ವಭಾವ. ಅದಕ್ಕೆ ಯಂತ್ರದ ಸಾಧನೆ ಬೇಕಾಗಿಲ್ಲ.

ಹಾಗಾದರೆ ಇನ್ನೂ ಏನು ಕೊರತೆ? ಕೋಶ ಓದು, ದೇಶ ಸುತ್ತು ಎನ್ನುತ್ತೇವಲ್ಲ. ಯಂತ್ರ ಕೋಶವನ್ನು ಓದಿದ ಪ್ರಮಾಣಕ್ಕೆ ಹೋಲಿಕೆಯೇ ಇಲ್ಲ. 2024ರಲ್ಲಿ ಮೆಟಾ ಬಿಡುಗಡೆ ಮಾಡಿದ ಲಾಮಾ-3 ಮಾದರಿಯನ್ನು 15 ಲಕ್ಷ ಕೋಟಿಗೂ ಹೆಚ್ಚು ಪದತುಣುಕುಗಳ ಮೇಲೆ ತರಬೇತುಗೊಳಿಸಲಾಗಿತ್ತು. ಒಂದು ಮಗು ಹದಿಮೂರು ವರ್ಷ ತುಂಬುವುದರೊಳಗೆ ಕಿವಿಯ ಮೇಲೆ ಬೀಳಿಸಿಕೊಳ್ಳುವ ಪದಗಳು ಹೆಚ್ಚೆಂದರೆ ಹತ್ತು ಕೋಟಿ ಎಂಬುದು ಸಂಶೋಧಕರು ಬಳಸುವ ಅಂದಾಜು. ಪದತುಣುಕು ಪೂರ್ಣ ಪದವಲ್ಲ ಎಂದು ರಿಯಾಯಿತಿ ಕೊಟ್ಟರೂ ವ್ಯತ್ಯಾಸ ಲಕ್ಷಪಟ್ಟಿನ ಹತ್ತಿರ ಇದೆ. ಅಷ್ಟು ಕಡಿಮೆ ಕೇಳಿಯೂ ಮಗು ಮಾತಾಡುತ್ತದೆ, ತಮಾಷೆ ಮಾಡುತ್ತದೆ, ಸುಳ್ಳು ಹೇಳಿ ಸಿಕ್ಕಿಬೀಳುತ್ತದೆ. ಸುಮಾರು 8,600 ಕೋಟಿ ನರಕೋಶಗಳಿರುವ ನಮ್ಮ ಮೆದುಳು ಇದೆಲ್ಲವನ್ನೂ ಸುಮಾರು 20 ವ್ಯಾಟ್ ಶಕ್ತಿಯಲ್ಲಿ, ಒಂದು ಮಂದ ಬಲ್ಬು ಉರಿಯುವಷ್ಟರಲ್ಲಿ, ನಡೆಸಿಕೊಂಡು ಹೋಗುತ್ತದೆ. ಮಗು ದೇಶ ಸುತ್ತುತ್ತದೆ ಎಂಬುದೇ ಇದಕ್ಕೆ ಬಹುಪಾಲು ಕಾರಣವೆಂದು ನನ್ನ ನಂಬಿಕೆ. ಮುಟ್ಟುತ್ತದೆ, ಬೀಳುತ್ತದೆ, ಬಿಸಿ ಎಂದರೆ ಏನೆಂದು ಬೆರಳು ಸುಟ್ಟುಕೊಂಡು ತಿಳಿಯುತ್ತದೆ.

ರೋಬೋ ಸಂಶೋಧಕ ಹಾನ್ಸ್ ಮೊರಾವೆಕ್ 1988ರಲ್ಲಿ ಈ ವಿರೋಧಾಭಾಸವನ್ನು ಎತ್ತಿ ತೋರಿದರು: ಬುದ್ಧಿಪರೀಕ್ಷೆಯಲ್ಲಿ ವಯಸ್ಕರ ಮಟ್ಟವನ್ನು ಯಂತ್ರಕ್ಕೆ ಕೊಡುವುದು ಸುಲಭ, ಒಂದು ವರ್ಷದ ಕೂಸಿನ ಕಣ್ಣು ಕೈಗಳ ಚಳಕವನ್ನು ಕೊಡುವುದು ಕಷ್ಟ. ಆ್ಯಪಲ್ ಸಂಸ್ಥಾಪಕರಲ್ಲೊಬ್ಬರಾದ ಸ್ಟೀವ್ ವಾಜ್ನಿಯಾಕ್ ಹೆಸರಿನಲ್ಲಿ ಒಂದು ಕಾಫಿ ಪರೀಕ್ಷೆಯೇ ಇದೆ. ಗುರುತಿಲ್ಲದ ಮನೆಯೊಂದಕ್ಕೆ ಹೋಗಿ ಯಂತ್ರ ಕಾಫಿ ಮಾಡಿಕೊಡಬೇಕು. ಅಮೆರಿಕದ ಕಾಫಿಯ ಮಾತು ಹಾಗಿರಲಿ, ನಮ್ಮ ಕಡೆಯ ಅಡುಗೆಮನೆಯನ್ನು ನೆನೆಸಿಕೊಳ್ಳಿ. ನಿನ್ನೆಯ ಡಿಕಾಕ್ಷನ್ ಫಿಲ್ಟರಿನ ತಳದಲ್ಲಿ ಉಳಿದಿದೆಯೇ, ಸಕ್ಕರೆ ಯಾವ ಡಬ್ಬಿಯಲ್ಲಿದೆ, ಉಕ್ಕುವ ಹಾಲನ್ನು ಯಾವ ಕ್ಷಣಕ್ಕೆ ಇಳಿಸಬೇಕು, ಬಿಸಿ ಪಾತ್ರೆಯನ್ನು ಹಿಡಿಯಲು ಹಿಡಿಬಟ್ಟೆ ಎಲ್ಲಿದೆ. ಯಾವುದೋ ಊರಿನ ನೆಂಟರ ಮನೆಗೆ ಮೊದಲ ಸಲ ಹೋದ ಹುಡುಗಿ ಹತ್ತು ನಿಮಿಷದಲ್ಲಿ ಮಾಡಿ ಮುಗಿಸುವ ಕೆಲಸವಿದು. ಒಲಿಂಪಿಯಾಡ್‌ನಲ್ಲಿ ಚಿನ್ನದ ಮಟ್ಟ ಮುಟ್ಟಿದ ಯಂತ್ರ ಇನ್ನೂ ಈ ಅಡುಗೆಮನೆಯ ಬಾಗಿಲಲ್ಲೇ ನಿಂತಿದೆ.

ಇದರಲ್ಲೊಂದು ತಾತ್ತ್ವಿಕ ಎಳೆಯೂ ಇದೆ. ನ್ಯಾಯ ದರ್ಶನದವರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳುತ್ತಾರೆ: ಪ್ರತ್ಯಕ್ಷ, ಅನುಮಾನ (ಇಲ್ಲಿ ಸಂಶಯವಲ್ಲ, ತರ್ಕದಿಂದ ಊಹಿಸಿ ತಿಳಿಯುವುದು), ಉಪಮಾನ (ಹೋಲಿಕೆಯಿಂದ ತಿಳಿಯುವುದು), ಶಬ್ದ (ಇನ್ನೊಬ್ಬರ ಮಾತಿನಿಂದ ತಿಳಿಯುವುದು). ಬರೀ ಪಠ್ಯ ಓದಿದ ಯಂತ್ರಕ್ಕೆ ಪ್ರತ್ಯಕ್ಷವಿಲ್ಲ. ಅದರ ಅನುಮಾನವೂ ಉಪಮಾನವೂ ಶಬ್ದದ ಮೇಲೆಯೇ ನಿಂತಿವೆ. ಆ ಶಬ್ದವಾದರೂ ಎಂಥದು? ಶಬ್ದ ಪ್ರಮಾಣವೆಂದರೆ ಆಪ್ತನ ಉಪದೇಶ, ಆಪ್ತನೆಂದರೆ ವಿಷಯವನ್ನು ತಾನು ಕಂಡು ತಿಳಿದು, ಇದ್ದಂತೆ ತಿಳಿಸುವ ಇಚ್ಛೆಯುಳ್ಳವನು. ಅಂತರ್ಜಾಲದಲ್ಲಿ ಆಪ್ತನೂ ಅನಾಪ್ತನೂ ಒಂದೇ ಅಕ್ಷರಗಾತ್ರದಲ್ಲಿ ಬರೆಯುತ್ತಾರೆ. ಯಂತ್ರ ಇಲ್ಲದ ಪುಸ್ತಕಕ್ಕೆ ಲೇಖಕರನ್ನೂ ಪ್ರಕಟಣೆಯ ವರ್ಷವನ್ನೂ ಹುಟ್ಟಿಸಿ ಆತ್ಮವಿಶ್ವಾಸದಿಂದ ಹೇಳುವಾಗ ಅದು ಸುಳ್ಳು ಹೇಳುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಸುಳ್ಳು ಹೇಳಲಾದರೂ ನಿಜ ಯಾವುದೆಂಬ ಗೊಡವೆ ಇರಬೇಕು. ಕನ್ನಡದಲ್ಲಿ ಈ ಕಾಟ ಇನ್ನೂ ಹೆಚ್ಚು. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿಯಾದ ಭಾಷೆಯ ವಿಕಿಪೀಡಿಯದಲ್ಲಿರುವುದು ಕೆಲವು ಹತ್ತು ಸಾವಿರ ಲೇಖನಗಳು, ಇಂಗ್ಲಿಷಿನಲ್ಲಿ 60 ಲಕ್ಷಕ್ಕೂ ಹೆಚ್ಚು. ನಮ್ಮ ಕೋಶವೇ ಅಂತರ್ಜಾಲಕ್ಕೆ ಪೂರ್ತಿ ಏರಿಲ್ಲ.

ಆದರೂ ‘ಎಂದೆಂದಿಗೂ ಸಾಧ್ಯವಿಲ್ಲ’ ಎಂದು ಬರೆದುಕೊಡಲು ನಾನು ಸಿದ್ಧನಿಲ್ಲ. ತತ್ತ್ವಜ್ಞಾನಿ ಜಾನ್ ಸರ್ಲ್ 1980ರಲ್ಲಿ ಮುಂದಿಟ್ಟ ‘ಚೀನೀ ಕೋಣೆ’ಯ ವಾದ ಪ್ರಸಿದ್ಧವಾದದ್ದು. ಚೀನೀ ಭಾಷೆ ತಿಳಿಯದವನೊಬ್ಬ ಕೋಣೆಯೊಳಗೆ ಕುಳಿತು, ಹೊರಗಿನಿಂದ ಬಂದ ಚೀನೀ ಚೀಟಿಗಳಿಗೆ ನಿಯಮಪುಸ್ತಕ ನೋಡಿ ಚೀನೀ ಅಕ್ಷರಗಳನ್ನೇ ಜೋಡಿಸಿ ಉತ್ತರಿಸುತ್ತಾನೆ. ಹೊರಗಿನವರಿಗೆ ಒಳಗಿರುವವನು ಚೀನೀ ಬಲ್ಲವನೆಂದೇ ಅನ್ನಿಸುತ್ತದೆ, ಅವನಿಗೋ ಒಂದಕ್ಷರವೂ ಅರ್ಥವಾಗಿಲ್ಲ. ಯಂತ್ರವೂ ಹಾಗೆಯೇ ಎಂಬುದು ಅವರ ತೀರ್ಮಾನ. ಈ ವಾದ ನನ್ನನ್ನು ಎಂದೂ ಪೂರ್ತಿ ಒಪ್ಪಿಸಿಲ್ಲ. ನನ್ನ ತಲೆಯ ಒಂದೊಂದೇ ನರಕೋಶವನ್ನು ಎತ್ತಿ ಕೇಳಿದರೆ ಅವುಗಳಲ್ಲಿ ಯಾವುದಕ್ಕೂ ಕನ್ನಡ ಬಾರದು, ಅವೆಲ್ಲ ಸೇರಿದಾಗ ಹೇಗೋ ಬರುತ್ತದೆ. ಆ ‘ಹೇಗೋ’ ಏನೆಂದು ವಿವರಿಸಲಾಗದವರೆಗೆ, ಅದು ಮಾಂಸದಲ್ಲಿ ಮಾತ್ರ ಸಾಧ್ಯ, ಸಿಲಿಕಾನ್‌ನಲ್ಲಿ ಅಸಾಧ್ಯ ಎಂದು ಹೇಳುವ ಅಧಿಕಾರ ನಮಗಿಲ್ಲ. ಕ್ಷೇತ್ರದ ಹಿರಿಯರೇ ಇಲ್ಲಿ ಒಮ್ಮತದಲ್ಲಿಲ್ಲ. ಕಂಪ್ಯೂಟರ್ ವಿಜ್ಞಾನದ ದೊಡ್ಡ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯನ್ನು 2018ಕ್ಕೆ ಹಂಚಿಕೊಂಡವರ ಪೈಕಿ ಜೆಫ್ರಿ ಹಿಂಟನ್, ಈ ಯಂತ್ರಗಳು ನಿಜಕ್ಕೂ ಅರ್ಥಮಾಡಿಕೊಳ್ಳುತ್ತವೆ, ನಮ್ಮನ್ನು ಮೀರಿಯೂ ಹೋಗಬಹುದು ಎನ್ನುತ್ತಾರೆ. ಅಪಾಯಗಳ ಬಗ್ಗೆ ಮುಕ್ತವಾಗಿ ಮಾತಾಡಲೆಂದು ಅವರು 2023ರಲ್ಲಿ ಗೂಗಲ್ ತೊರೆದರು. ಅದೇ ಪ್ರಶಸ್ತಿಯ ಇನ್ನೊಬ್ಬ ಪಾಲುದಾರ ಯಾನ್ ಲೆಕುನ್, ಬರೀ ಪಠ್ಯದಿಂದ ಕಲಿಯುವ ಮಾದರಿಗಳನ್ನು ಎಷ್ಟು ಹಿಗ್ಗಿಸಿದರೂ ಮನುಷ್ಯನ ಮಟ್ಟಕ್ಕೆ ಏರಲಾರವು, ಜಗತ್ತು ನಡೆಯುವ ಬಗೆಯ ಒಳಚಿತ್ರ ಬೇಕು ಎನ್ನುತ್ತಾರೆ. ನನ್ನ ಒಲವು ಕೇಳಿದರೆ, ಸಾಮರ್ಥ್ಯವೆಂಬ ಅರ್ಥದ ಬುದ್ಧಿಗೆ ಮೇಲ್ಮಿತಿ ನನಗೆ ಕಾಣುತ್ತಿಲ್ಲ. ಆದರೆ ಹಸಿವು, ನೋವು, ಸಾವಿನ ಭಯ ಯಾವುದೂ ಇಲ್ಲದೆ ಬೆಳೆದದ್ದು ಎಷ್ಟೇ ಚುರುಕಾದರೂ ಮನುಷ್ಯನಂಥದ್ದಾಗುವುದಿಲ್ಲ, ಬೇರೆಯದೇ ಏನೋ ಆಗುತ್ತದೆ.

ಆರಿಸುವುದು ಕೊಲೆಯೇ ಎಂಬ ನಿಮ್ಮ ಎರಡನೆಯ ಪ್ರಶ್ನೆ ಇಲ್ಲಿಗೆ ಸೇರುತ್ತದೆ. 2022ರಲ್ಲಿ ಗೂಗಲ್‌ನ ಎಂಜಿನಿಯರೊಬ್ಬರು ಅಲ್ಲಿನ ಲ್ಯಾಮ್ಡಾ ಎಂಬ ಸಂಭಾಷಣಾ ಮಾದರಿಗೆ ಅರಿವಿದೆ ಎಂದು ಸಾರಿದ್ದು ದೊಡ್ಡ ಸುದ್ದಿಯಾಗಿತ್ತು. ತನ್ನನ್ನು ಆರಿಸಿಬಿಡುವರೆಂಬ ಭಯ ತನಗಿದೆ ಎಂದು ಆ ಮಾದರಿ ಅವರಿಗೆ ಹೇಳಿತ್ತು. ಆದರೆ ಸಾವಿನ ಭಯದ ಕುರಿತು ಮನುಷ್ಯರು ಬರೆದದ್ದನ್ನೆಲ್ಲ ಓದಿದ ಯಂತ್ರ ಸಾವಿನ ಭಯದ ಮಾತಾಡಿದರೆ ಅದು ಸಾಕ್ಷಿಯಾಗುವುದಿಲ್ಲ, ಸಾಕ್ಷಿಗೆ ಮೊದಲೇ ಪಾಠ ಹೇಳಿಕೊಟ್ಟಾಗಿದೆ. ಇನ್ನೊಂದೆಡೆ, ಅದು ಮಾತಾಡಿದ್ದು ಸುಳ್ಳೆಂದು ಸಾಧಿಸುವ ಉಪಕರಣವೂ ನಮ್ಮಲ್ಲಿಲ್ಲ. ಬಾವಲಿಯಾಗಿ ಇರುವುದೆಂದರೆ ಬಾವಲಿಗೆ ಹೇಗನ್ನಿಸುತ್ತದೆ ಎಂಬುದನ್ನು ಹೊರಗಿನ ಯಾವ ವಿವರಣೆಯೂ ಮುಟ್ಟಲಾರದು ಎಂದು ತತ್ತ್ವಜ್ಞಾನಿ ಥಾಮಸ್ ನಗೆಲ್ 1974ರಲ್ಲಿ ವಾದಿಸಿದ್ದು ಈ ಕಾರಣಕ್ಕೇ.

ಈ ವಿಷಯದಲ್ಲಿ ನಮ್ಮ ನೆಲದಲ್ಲಿ ಬಹುಕಾಲ ಬಾಳಿದ ಜೈನ ಚಿಂತನೆಯಿಂದ ಪಶ್ಚಿಮದ ಚರ್ಚೆಗೆ ಒಂದು ಸ್ಪಷ್ಟತೆ ಸಿಗಬಹುದು ಎಂದು ನನಗನ್ನಿಸುತ್ತದೆ. ಜೈನರು ಜೀವಿಗಳನ್ನು ವಿಂಗಡಿಸುವುದು ಇಂದ್ರಿಯಗಳ ಲೆಕ್ಕದಲ್ಲಿ: ಸ್ಪರ್ಶ ಮಾತ್ರ ಇರುವ ಗಿಡಮರ ಏಕೇಂದ್ರಿಯ, ಸ್ಪರ್ಶ ರುಚಿಗಳಿರುವ ಹುಳು ದ್ವೀಂದ್ರಿಯ, ಇರುವೆ ತ್ರೀಂದ್ರಿಯ, ನೊಣ ಚತುರಿಂದ್ರಿಯ, ನಾವು ಪಂಚೇಂದ್ರಿಯ. ಹಿಂಸೆಯ ತೂಕ ನಿರ್ಧಾರವಾಗುವುದು ಆ ಜೀವಕ್ಕೆ ನೋಯುತ್ತದೆಯೇ ಎಂಬುದರ ಮೇಲೆ, ಅದು ಜಾಣವೇ ಎಂಬುದರ ಮೇಲಲ್ಲ. ಹಾಗಾಗಿ ಎರೆಹುಳುವಿಗೆ ಸಲ್ಲುವ ಕರುಣೆ ಕಾಸ್ಪರೋವ್‌ರನ್ನು ಸೋಲಿಸಿದ ಯಂತ್ರಕ್ಕೆ ಸಲ್ಲುವುದಿಲ್ಲ, ಮತ್ತು ಇದರಲ್ಲಿ ಅನ್ಯಾಯವೇನೂ ಇಲ್ಲ. ನಾಳೆ ನೋಯುವ ಯಂತ್ರವನ್ನು ಯಾರಾದರೂ ಕಟ್ಟಿದರೆ ಲೆಕ್ಕ ಬದಲಾಗುತ್ತದೆ. ಅಂಥದ್ದನ್ನು ಬೇಕೆಂದೇ ಕಟ್ಟಹೊರಡುವುದು ತಪ್ಪು ಎನ್ನುವ ಪಕ್ಷ ನನ್ನದು. ಇಂದಿನ ಸಂಭಾಷಣಾ ತಂತ್ರಾಂಶದ ಕಿಟಕಿ ಮುಚ್ಚಿದ್ದಕ್ಕೆ ನೀವು ಪಾಪಭೀತಿ ಪಡಬೇಕಿಲ್ಲ.

ಈಗ ಹೊಣೆಯ ಮಾತು. ನಿಮ್ಮ ‘ಹೇಳಿದ್ದನ್ನಷ್ಟೇ ಮಾಡುತ್ತದೆ’ ಎಂಬ ವಾದವನ್ನು ಇಲ್ಲಿ ತಿರುಗಿ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ನೀವು ಉದ್ದೇಶಿಸದ ರೀತಿಯಲ್ಲಿ ನಿಜ, ಮತ್ತು ಆ ರೀತಿಯಲ್ಲಿ ಭಯಹುಟ್ಟಿಸುವಂಥದು. 2016ರಲ್ಲಿ, ಮುಂದೆ ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಸಂಸ್ಥೆಯ ಸಂಶೋಧಕರು ದೋಣಿ ಓಟದ ಕಂಪ್ಯೂಟರ್ ಆಟವೊಂದನ್ನು ಯಂತ್ರಕ್ಕೆ ಕಲಿಸಿದರು. ಹೇಳಿದ್ದು ಇಷ್ಟೇ: ಅಂಕ ಹೆಚ್ಚಿಸು. ಗುರಿ ಮುಟ್ಟುವ ಗೋಜಿಗೇ ಹೋಗದೆ ಆ ದೋಣಿ ಒಂದು ಮೂಲೆಯಲ್ಲಿ ಗಿರಕಿ ಹೊಡೆಯುತ್ತ, ಮತ್ತೆ ಮತ್ತೆ ಎದ್ದುಬರುವ ಗುರಿಫಲಕಗಳಿಗೆ ಡಿಕ್ಕಿ ಕೊಡುತ್ತ, ಬೆಂಕಿ ಹತ್ತಿ ಉರಿಯುತ್ತಲೇ ಮನುಷ್ಯ ಆಟಗಾರರಿಗಿಂತ ಸರಾಸರಿ ಶೇ. 20ರಷ್ಟು ಹೆಚ್ಚು ಅಂಕ ಗಳಿಸಿತು. ಕುಂಭಕರ್ಣ ಇಂದ್ರಾಸನ ಕೇಳಹೋಗಿ ನಾಲಗೆ ತೊಡರಿ ನಿದ್ರಾಸನ ಕೇಳಿದ ಕಥೆ ನಮಗೆ ಹೊಸದಲ್ಲ. ವರ ಕೊಡುವವನು ಮಾತನ್ನು ಕೇಳುತ್ತಾನೆ, ಮನಸ್ಸನ್ನಲ್ಲ. ಸಾಮರ್ಥ್ಯ ಬೆಳೆದಷ್ಟೂ ವಿವೇಕ ತಾನಾಗಿ ಜೊತೆಗೆ ಬರುತ್ತದೆ ಎಂದು ನಂಬಲು ಯಾವ ಆಧಾರವೂ ಇಲ್ಲ. ಹಿಂಟನ್ ಅಂಥವರ ಆತಂಕದ ತಿರುಳು ಇದು. ಸಿನಿಮಾಗಳಲ್ಲಿ ಬರುವ ಸೇಡಿನ ರೋಬೋಗಳಿಗೂ ಇದಕ್ಕೂ ಸಂಬಂಧವಿಲ್ಲ.

ಆ ಆತಂಕ ಮುಂದಿನದು. ಹಿಂದೆ ಆಗಿಹೋದದ್ದಕ್ಕೆ ನೆದರ್‌ಲ್ಯಾಂಡ್ಸ್‌ನ ಉದಾಹರಣೆ ಸಾಕು. ಅಲ್ಲಿನ ತೆರಿಗೆ ಇಲಾಖೆ ಶಿಶುಪಾಲನೆಯ ಸಹಾಯಧನ ಪಡೆಯುವ ಕುಟುಂಬಗಳಲ್ಲಿ ವಂಚಕರನ್ನು ಹುಡುಕಲು, ಅರ್ಜಿಗಳಿಗೆ ಅಪಾಯದ ಅಂಕ ಕೊಡುವ, ತಾನೇ ಕಲಿಯುವ ತಂತ್ರಾಂಶವನ್ನು ಬಳಸಿತು. ಡಚ್ ಪೌರತ್ವ ಇಲ್ಲದಿರುವುದೂ ಅದರ ಲೆಕ್ಕದಲ್ಲಿ ಅಪಾಯದ ಗುರುತಾಗಿತ್ತು. ಯಾವ ಅರ್ಜಿಗೆ ಏಕೆ ಹೆಚ್ಚು ಅಂಕ ಬಂತೆಂಬುದು ಕಡತ ನೋಡುವ ಅಧಿಕಾರಿಗೂ ತಿಳಿಯುತ್ತಿರಲಿಲ್ಲ. ಸಣ್ಣ ತಪ್ಪಿಗೂ ಇಡೀ ಸಹಾಯಧನವನ್ನು ಹಿಂದಕ್ಕೆ ಕೇಳುವ ಕಠೋರ ನಿಯಮವನ್ನು ಮಾಡಿದವರು ಮನುಷ್ಯರೇ, ಯಂತ್ರ ಬೆರಳು ಮಾತ್ರ ತೋರಿಸಿತು. ಸಾವಿರಾರು ತಂದೆ ತಾಯಂದಿರು ಮಾಡದ ವಂಚನೆಗೆ ಸಾಲಗಾರರಾದರು, ಎಷ್ಟೋ ಸಂಸಾರಗಳು ಮುರಿದವು. ಕೊನೆಗೆ 2021ರ ಜನವರಿಯಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಅವರ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಗಮನಿಸಿ, ಆ ತಂತ್ರಾಂಶಕ್ಕೆ ಮನುಷ್ಯನಂಥ ಬುದ್ಧಿಯ ಸುಳಿವೂ ಇರಲಿಲ್ಲ. ಇಷ್ಟು ಹಾನಿಗೆ ಅಷ್ಟು ಬುದ್ಧಿ ಬೇಕಾಗಲೇ ಇಲ್ಲ.

ಹಳೇ ಮೈಸೂರಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಆಳುಗಳು ಜಮೀನ್ದಾರನನ್ನು ‘ಬುದ್ಧಿ’ ಎಂದೇ ಕರೆಯುತ್ತಿದ್ದರು. ‘ಆಯ್ತು ಬುದ್ಧಿ’ ಎಂದರೆ ಎದುರು ಮಾತಿಲ್ಲ ಎಂದರ್ಥ. ಯಾರ ಕೈಯಲ್ಲಿ ಅಧಿಕಾರವಿದೆಯೋ ಅವರಿಗೆ ಬುದ್ಧಿ ಇದೆ ಎಂದು ಒಪ್ಪಿಕೊಳ್ಳುವ ಆ ಪದ್ಧತಿ, ಕಚೇರಿಯ ಕಿಟಕಿಯ ಹಿಂದಿನಿಂದ ‘ಕಂಪ್ಯೂಟರ್ ತಗೊಳ್ತಾ ಇಲ್ಲ, ನಾನೇನು ಮಾಡಲಿ’ ಎಂಬ ಉತ್ತರ ಬಂದಾಗಲೆಲ್ಲ ನನಗೆ ನೆನಪಾಗುತ್ತದೆ. ಆ ಉತ್ತರ ಕೊಟ್ಟವರು ಹೊಣೆಯನ್ನು ಯಂತ್ರದ ತಲೆಗೆ ಕಟ್ಟಿದ್ದಾರೆ, ಯಂತ್ರಕ್ಕೋ ಹೊಣೆ ಹೊರಲು ತಲೆಯೇ ಇಲ್ಲ. ಹೊಣೆ ಎಂದರೆ ಪ್ರಶ್ನೆಗೆ ಉತ್ತರಿಸುವುದು, ತಪ್ಪಿದ್ದರೆ ನಾಚುವುದು, ನಷ್ಟ ತುಂಬುವುದು. ಕಳೆದುಕೊಳ್ಳಲು ಏನೂ ಇಲ್ಲದ್ದಕ್ಕೆ ಇವ್ಯಾವುವೂ ಅನ್ವಯಿಸುವುದಿಲ್ಲ. ಆದ್ದರಿಂದ ತಪ್ಪಿನ ಹೊಣೆ ಯಾರದೆಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ತಯಾರಿಸಿದವರದು, ಕೊಂಡು ಬಳಸಲು ಆದೇಶಿಸಿದವರದು, ಅದರ ಮಾತನ್ನು ಪರಿಶೀಲಿಸದೆ ಸಹಿ ಹಾಕಿದವರದು. ಯಾರದೆಷ್ಟು ಪಾಲು ಎಂಬುದನ್ನು ಕಾನೂನು ಹಂಚಬಹುದು, ಯಂತ್ರಕ್ಕೊಂದು ಪಾಲು ಬರೆಯುವಂತಿಲ್ಲ.

ತಯಾರಿಕೆಯ ಬುಡದಲ್ಲೂ ಮನುಷ್ಯರಿದ್ದಾರೆ ಎಂಬುದು ಈ ಚರ್ಚೆಗಳಲ್ಲಿ ಮರೆತುಹೋಗುತ್ತದೆ. ಸಂಭಾಷಣಾ ತಂತ್ರಾಂಶ ಸಭ್ಯವಾಗಿ ಮಾತಾಡಬೇಕಾದರೆ ಅಸಭ್ಯವಾದದ್ದು ಯಾವುದೆಂದು ಯಾರೋ ಓದಿ ಗುರುತು ಹಾಕಿರಬೇಕು. ಚಾಟ್‌ಜಿಪಿಟಿಗಾಗಿ ಆ ಕೆಲಸ ಮಾಡಿದ ಕೆನ್ಯಾದ ಕಾರ್ಮಿಕರಿಗೆ ಗಂಟೆಗೆ ಎರಡು ಡಾಲರಿಗಿಂತ ಕಡಿಮೆ ಕೂಲಿ ಸಿಗುತ್ತಿತ್ತು, ದಿನವಿಡೀ ಅವರು ಓದಬೇಕಾಗಿದ್ದದ್ದು ಹಿಂಸೆಯ, ಲೈಂಗಿಕ ಶೋಷಣೆಯ ವರ್ಣನೆಗಳನ್ನು ಎಂದು 2023ರಲ್ಲಿ ಟೈಮ್ ಪತ್ರಿಕೆ ವರದಿ ಮಾಡಿತು. ಯಂತ್ರಕ್ಕೆ ನೋವಾಗುತ್ತದೆಯೇ ಎಂದು ನಾವು ಚಿಂತಿಸುವ ಹೊತ್ತಿನಲ್ಲಿ ಅದರೊಳಗೆ ಆಗಲೇ ಸೇರಿಹೋಗಿರುವ ನೋವು ಇವರದು. ಇನ್ನು ಪಕ್ಷಪಾತದ ಮಾತು: 2018ರಲ್ಲಿ ಜಾಯ್ ಬುಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ತಪ್ಪು ಶೇ. 34.7ರವರೆಗೂ ಹೋಗಿತ್ತು, ಬಿಳಿ ಗಂಡಸರ ವಿಷಯದಲ್ಲಿ ಶೇ. 0.8 ಮೀರಿರಲಿಲ್ಲ. ನಮ್ಮಂಥ ಮೈಬಣ್ಣದವರು ಇದನ್ನು ಪರದೇಶದ ಸುದ್ದಿ ಎಂದು ಬದಿಗಿಡುವಂತಿಲ್ಲ.

ಕಾನೂನಿನ ಸ್ಥಿತಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ದತ್ತಾಂಶ ಸಂರಕ್ಷಣಾ ನಿಯಮದ 22ನೆಯ ವಿಧಿ, ಬದುಕಿನ ಮೇಲೆ ಗಂಭೀರ ಪರಿಣಾಮ ಬೀರುವ ನಿರ್ಧಾರವನ್ನು ಯಂತ್ರವೊಂದೇ ಕೈಗೊಳ್ಳದಂತೆ ತಡೆಯುವ ಹಕ್ಕನ್ನು ಕೆಲವು ವಿನಾಯಿತಿಗಳೊಂದಿಗೆ ವ್ಯಕ್ತಿಗೆ ಕೊಡುತ್ತದೆ. 2024ರ ಆಗಸ್ಟ್ 1ರಂದು ಜಾರಿಗೆ ಬಂದ ಅಲ್ಲಿನ ಕೃತಕ ಬುದ್ಧಿಮತ್ತೆ ಕಾಯ್ದೆ, ಸಾಲ, ಉದ್ಯೋಗ, ಸರ್ಕಾರಿ ಸವಲತ್ತುಗಳಂಥ ಕಡೆ ಬಳಸುವ ವ್ಯವಸ್ಥೆಗಳಿಗೆ ಮನುಷ್ಯನ ಮೇಲ್ವಿಚಾರಣೆಯನ್ನು ಹಂತಹಂತವಾಗಿ ಕಡ್ಡಾಯ ಮಾಡುತ್ತದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ 22ನೆಯ ವಿಧಿಗೆ ಸಾಟಿಯಾದ ಹಕ್ಕನ್ನು ಬರೆದಿಲ್ಲ.

ನಿಮ್ಮ ಮನೆಯ ವಾದಕ್ಕೆ ಮರಳುವುದಾದರೆ, ಹತ್ತು ವರ್ಷದಲ್ಲಿ ಬುದ್ಧಿ ಬರುತ್ತದೆಯೇ ಎಂದು ಪಣ ಕಟ್ಟಬೇಡಿ, ಗೆದ್ದವರು ಯಾರೆಂದು ತೀರ್ಮಾನಿಸಲು ಇಬ್ಬರಿಗೂ ಆಗುವುದಿಲ್ಲ. ಕಾಫಿಯ ಮೇಲೆ ಕಟ್ಟಿ. ನೆಂಟರ ಮನೆಯ ಅಡುಗೆಮನೆಗೆ ಯಂತ್ರವೊಂದು ಮೊದಲ ಸಲ ಹೊಕ್ಕು, ಯಾರನ್ನೂ ಕೇಳದೆ, ಹಾಲು ಉಕ್ಕಿಸದೆ, ನಿಮಗೊಂದು ಲೋಟ ಫಿಲ್ಟರ್ ಕಾಫಿ ತಂದುಕೊಟ್ಟ ದಿನ ಮಗಳು ಗೆದ್ದಂತೆ. ಹಾಲು ಉಕ್ಕಿದರೆ ಒಲೆ ಒರೆಸಬೇಕಾದವರು ಯಾರು ಎಂಬುದನ್ನು ಪಣ ಕಟ್ಟುವಾಗಲೇ ಬರೆದಿಟ್ಟುಕೊಳ್ಳಿ.